ಹಂಚಿದರೂ ಮುಗಿಯದ ಸಂಪತ್ತು: ಅತುಲ್ ಚಿಟ್ನಿಸ್

ನಮ್ಮ ಅಬ್ಬಾ ಪೀಣ್ಯದಲ್ಲಿ ಲೇತ್ ಮಷಿನ್ ಕೆಲಸ ಮಾಡುತ್ತಾರೆ. ಕಳೆದ ವರ್ಷ ನನಗೊಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಡಿಸಿದರು. ಅದರಲ್ಲಿದ್ದ ಅಕೌಂಟ್ಸ್ ಸಾಫ್ಟ್‌ವೇರ್ ಕಳ್ಳ ಪ್ರತಿ ಎಂದು ನಮಗೆ ಗೊತ್ತಿರಲಿಲ್ಲ. ಒಂದು ದಿನ ಅದು ತೆರೆಯಲೇ ಇಲ್ಲ. ಅಮ್ಮಿಯ ಹೊಲಿಗೆ ಕೆಲಸದ ಮೂರು ತಿಂಗಳ ಲೆಕ್ಕ ಒಳಗೇ ಉಳಿದುಹೋಯಿತು. ಅಸಲಿ ಪ್ರತಿ ಕೊಳ್ಳಲು ದುಡ್ಡಿರಲಿಲ್ಲ. ಮತ್ತೆ ಕಳ್ಳ ಪ್ರತಿ ಹಾಕಿಸಲು ಅಬ್ಬಾ ಒಪ್ಪಲಿಲ್ಲ, ಅದು ಹಲಾಲ್ ಅಲ್ಲ ಎಂದುಬಿಟ್ಟರು. ಆಗ ಪಕ್ಕದ ಮನೆಯ ಅಣ್ಣ ಲಿನಕ್ಸ್ ಮತ್ತು ಗ್ನೂಕ್ಯಾಶ್ ಹಾಕಿಕೊಟ್ಟರು. ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಕಳ್ಳತನವೂ ಆಗಲಿಲ್ಲ. ಇದೆಲ್ಲ ನಮ್ಮ ಊರಿನಲ್ಲಿ ಹೇಗೆ ಹರಡಿತು ಎಂದು ಕೇಳಿದಾಗ ಅವರು ಹೇಳಿದ ಹೆಸರು ಅತುಲ್ ಚಿಟ್ನಿಸ್.

ಅತುಲ್ ಅವರು 1962ರ ಫೆಬ್ರವರಿ 20ರಂದು ಜರ್ಮನಿಯ ಬರ್ಲಿನ್‌ನಲ್ಲಿ ಹುಟ್ಟಿದರು. ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ, ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. ಅವರು ಗಿಟಾರ್ ಕೂಡ ನುಡಿಸುತ್ತಿದ್ದರು.

ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಆರು ವರ್ಷ ಮೊದಲೇ, 1989ರಲ್ಲಿ, ಅತುಲ್ ಸಿಕ್ಸ್ ಎಂಬ ಬುಲೆಟಿನ್ ಬೋರ್ಡ್ ಆರಂಭಿಸಿದರು. ಕಂಪ್ಯೂಟರಿಗೆ ಮೋಡೆಮ್ ಮತ್ತು ಫೋನ್ ಲೈನ್ ಜೋಡಿಸಿದರೆ ಸಾಕು, ಬೇರೆಯವರು ಡಯಲ್ ಮಾಡಿ ಒಳಗೆ ಬಂದು ಸಂದೇಶ ಬರೆಯಬಹುದಿತ್ತು, ಓದಬಹುದಿತ್ತು. ಅದಕ್ಕೆ ದೊಡ್ಡ ಕಂಪನಿಯೊಂದು ಬೇಕಿರಲಿಲ್ಲ. ಇಂದಿನ ಮ್ಯಾಸ್ಟೊಡಾನ್ ಕೂಡ ಸುಮಾರಾಗಿ ಹೀಗೆಯೇ. ಊರೂರಿಗೆ ಪೋಸ್ಟ್ ಆಫೀಸ್ ಇರುವಂತೆ ಅದರಲ್ಲಿ ಬೇರೆ ಬೇರೆಯವರ ಸರ್ವರ್‌ಗಳಿವೆ, ಒಂದರಿಂದ ಇನ್ನೊಂದಕ್ಕೆ ಸಂದೇಶ ಹೋಗುತ್ತದೆ. ಎಲ್ಲರ ಮಾತಿನ ಬೀಗದ ಕೈ ಒಬ್ಬನೇ ಮಾಲೀಕನ ಬಳಿ ಇರುವುದಿಲ್ಲ.

ಫಿನ್‌ಲ್ಯಾಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟಿದ್ದರು. ಆದರೆ ಅಂದಿನ ಫೋನ್ ಲೈನಿನಲ್ಲಿ ಅಷ್ಟು ದೊಡ್ಡ ಫೈಲ್ ಇಳಿಸಿಕೊಳ್ಳುವುದು ನಮ್ಮವರಿಗೆ ಬಹಳ ಕಷ್ಟ, ಬಿಲ್ಲೂ ಭಾರಿ. ಅತುಲ್ ಆಗ ಪಿಸಿಕ್ವೆಸ್ಟ್ ಪತ್ರಿಕೆಗೆ ಬರೆಯುತ್ತಿದ್ದರು. ಅವರ ಪ್ರಯತ್ನದಿಂದ 1996ರಲ್ಲಿ ಲಿನಕ್ಸ್ ಸಿಡಿ ಪತ್ರಿಕೆಯ ಜೊತೆಯಲ್ಲೇ ಓದುಗರ ಕೈ ಸೇರಿತು. ಆ ಸಿಡಿಯನ್ನು ಗೆಳೆಯರಿಗೆ ಕಾಪಿ ಮಾಡಿಕೊಟ್ಟರೂ ತಪ್ಪಿರಲಿಲ್ಲ, ಲೈಸೆನ್ಸೇ ಅದಕ್ಕೆ ಅನುಮತಿ ಕೊಟ್ಟಿತ್ತು.

2001ರಲ್ಲಿ ಅವರು ಗೆಳೆಯರ ಜೊತೆ ಸೇರಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಶುರುಮಾಡಿದರು. 2005ರಿಂದ ಅದಕ್ಕೆ ಫಾಸ್ ಡಾಟ್ ಇನ್ ಎಂಬ ಹೆಸರಾಯಿತು. ಸ್ವಯಂಸೇವಕರೇ ನಡೆಸುತ್ತಿದ್ದ ಆ ಸಮ್ಮೇಳನಕ್ಕೆ ಟಾಟಾ ಇನ್‌ಸ್ಟಿಟ್ಯೂಟ್, ನಿಮ್ಹಾನ್ಸ್ ಮುಂತಾದ ಕಡೆ ದೇಶವಿದೇಶದ ಜನ ಸೇರುತ್ತಿದ್ದರು. ಜನ ಹೆಚ್ಚಿದಷ್ಟೂ ಅತುಲ್ ಅವರಿಗೆ ಒಂದು ಚಿಂತೆ ಕಾಡಿತು. ನಮ್ಮವರು ಬಳಸುತ್ತಾರೆ, ಆದರೆ ಮರಳಿ ಕೊಡುವುದು ಕಡಿಮೆ. ಅದಕ್ಕೇ ಬರಿಯ ಭಾಷಣ ಕಡಿಮೆ ಮಾಡಿ, ಅಲ್ಲೇ ಕೂತು ಕೋಡ್ ಬರೆಯುವ ಕೆಲಸಕ್ಕೆ ಜಾಗ ಕೊಟ್ಟರು. ನೇರ ಮಾತಿನವರಾಗಿದ್ದರಿಂದ ಕೆಲವರ ಬೇಸರಕ್ಕೂ ಗುರಿಯಾದರು.

2012ರಲ್ಲಿ ಅವರಿಗೆ ಕರುಳಿನ ಕ್ಯಾನ್ಸರ್ ಇರುವುದು ಗೊತ್ತಾಯಿತು. 2013ರ ಜೂನ್ 3ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು. ಆಗ ನಾನಿನ್ನೂ ಅಂಗನವಾಡಿಗೆ ಹೋಗುತ್ತಿದ್ದೆ.

ಕಾಮರ್ಸ್ ಓದುವ ನಾವು ಏನು ಮರಳಿ ಕೊಡಬಹುದು ಎಂದು ನಾನೂ ಯೋಚಿಸಿದೆ. ಕೋಡ್ ನಮಗೆ ಬಾರದು, ಆದರೆ ಜಮಾ-ಖರ್ಚು ಬರುತ್ತದೆ. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಎರಡೂ ಬರುತ್ತವೆ. ಇಂಥ ಸಾಫ್ಟ್‌ವೇರ್‌ಗಳ ಇಂಗ್ಲಿಷ್ ಪದಗಳಿಗೆ ನಮ್ಮ ಭಾಷೆಯ ಪದ ಬರೆದು ಕಳಿಸುವುದೂ ಒಂದು ಕೊಡುಗೆಯೇ. ಬಿಲ್ ಪುಸ್ತಕ ನೋಡಿ ಅಮ್ಮಿಯ ಮೂರು ತಿಂಗಳ ಲೆಕ್ಕವನ್ನು ಮತ್ತೆ ಬರೆದು ಮುಗಿಸಿದ್ದೇನೆ. ಇನ್ನು ಆ ಸಾಲ ತೀರಿಸುವ ಕೆಲಸ ಶುರುಮಾಡಬೇಕು. ಜೊತೆಗೆ ಬರುವವರು ಬನ್ನಿ.