ಒಂಟಿ ಕಾಲಿನ ಗಾಲ್ಫ್ ಮೇಷ್ಟ್ರು ಅರ್ನೆಸ್ಟ್ ಜೋನ್ಸ್

ಗಾಲ್ಫ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ, ಅದು ದೊಡ್ಡವರ ಆಟ, ನಮಗ್ಯಾಕೆ ಬಿಡಿ ಅಂತಾರೆ. ಆದರೆ ಕೊಲ್ಲಿ ನಾಡಿಗೆ ಬಂದ ಮೇಲೆ ಈ ಆಟ ಕಣ್ಣಿಗೆ ಬೀಳದೆ ಇರೋದಿಲ್ಲ. 1988ರಲ್ಲಿ ದುಬೈಯ ಎಮಿರೇಟ್ಸ್ ಗಾಲ್ಫ್ ಕ್ಲಬ್ ಮರಳಿನ ಮೇಲೆ ಹುಲ್ಲು ಬೆಳೆಸಿ ಮೈದಾನ ಮಾಡಿತು. ಆಮೇಲೆ ಅಂಥವು ಸುತ್ತಮುತ್ತ ಸಾಕಷ್ಟು ಬಂದವು. ಆ ಹುಲ್ಲು ಕತ್ತರಿಸುವವರು, ನೀರು ಬಿಡುವವರು ಎಲ್ಲಾ ನಮ್ಮ ಹಾಗೆಯೇ ಊರು ಬಿಟ್ಟು ಬಂದ ಕೆಲಸಗಾರರು. ರಜೆಯ ದಿನ ಡ್ರೈವಿಂಗ್ ರೇಂಜ್‌ಗೆ ಹೋಗಿ ಒಂದು ಬುಟ್ಟಿ ಚೆಂಡು ಹೊಡೆದು ಬರುವ ಗೆಳೆಯರೂ ಈಗ ನಮ್ಮ ನಡುವೆ ಇದ್ದಾರೆ. ಹಾಗಾಗಿ ಈ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡು, ಯುದ್ಧದಲ್ಲಿ ಕಾಲು ಕಳೆದುಕೊಂಡು, ಕೊನೆಗೆ ಪರದೇಶದಲ್ಲಿ ಹೆಸರು ಮಾಡಿದ ಒಬ್ಬ ಮೇಷ್ಟ್ರ ಕಥೆ ಇಲ್ಲಿದೆ.

ಅರ್ನೆಸ್ಟ್ ಜೋನ್ಸ್ ಹುಟ್ಟಿದ್ದು 1887ರಲ್ಲಿ, ಇಂಗ್ಲೆಂಡಿನಲ್ಲಿ. ಇನ್ನೂ ಹುಡುಗನಾಗಿದ್ದಾಗಲೇ ಲಂಡನ್ ಹತ್ತಿರದ ಚಿಸಲ್‌ಹರ್ಸ್ಟ್ ಗಾಲ್ಫ್ ಕ್ಲಬ್‌ನಲ್ಲಿ ಸಹಾಯಕನಾಗಿ ಸೇರಿದರು. ಆಗಿನ ಕಾಲದಲ್ಲಿ ಗಾಲ್ಫ್ ಪ್ರೊಫೆಷನಲ್ ಅಂದರೆ ಇವತ್ತಿನ ಹಾಗೆ ಕೋಟಿ ಎಣಿಸುವ ಆಟಗಾರ ಅಲ್ಲ. ಸದಸ್ಯರಿಗೆ ಆಟ ಕಲಿಸಬೇಕು, ಅವರ ಮುರಿದ ಕೋಲು ರಿಪೇರಿ ಮಾಡಬೇಕು, ಅಂಗಡಿ ನೋಡಿಕೊಳ್ಳಬೇಕು. ಎಷ್ಟೋ ಕ್ಲಬ್‌ಗಳಲ್ಲಿ ಇವರಿಗೆ ಸದಸ್ಯರ ಕಟ್ಟಡದ ಒಳಗೆ ಪ್ರವೇಶವೇ ಇರಲಿಲ್ಲ. ಜೋನ್ಸ್ ಈ ಕೆಲಸವನ್ನು ಶ್ರದ್ಧೆಯಿಂದ ಕಲಿತು, ಅದೇ ಕ್ಲಬ್ಬಿನ ಮುಖ್ಯ ಪ್ರೊಫೆಷನಲ್ ಆದರು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಜೋನ್ಸ್ ಸೈನ್ಯ ಸೇರಿ ಫ್ರಾನ್ಸಿಗೆ ಹೋದರು. 1916ರಲ್ಲಿ ಲೂಸ್ ಎಂಬ ಊರಿನ ಬಳಿ ಗ್ರೆನೇಡ್ ಸಿಡಿದು ಮೈಯೆಲ್ಲಾ ಚೂರುಗಳು ಹೊಕ್ಕವು. ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ. ಕೈಲಿದ್ದದ್ದು ಒಂದೇ ಕಸುಬು, ಅದು ಕಾಲ ಮೇಲೆ ನಿಂತು ಮಾಡುವ ಕಸುಬು. ಕೂಲಿಗೆ ಮೈಯನ್ನೇ ನಂಬಿಕೊಂಡವರಿಗೆ ಇದರ ಭಯ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿಗೆ ಮರಳಿದ ಜೋನ್ಸ್ ಅದೇ ವರ್ಷ ಊರುಗೋಲು ಹಿಡಿದುಕೊಂಡೇ ಗಾಲ್ಫ್ ಮೈದಾನಕ್ಕೆ ಇಳಿದರು. ರಾಯಲ್ ನಾರ್ವಿಚ್ ಎಂಬ ಕ್ಲಬ್‌ನಲ್ಲಿ ಒಂದೇ ಕಾಲ ಮೇಲೆ ನಿಂತು 18 ಹೋಲು ಆಡಿ, 83 ಹೊಡೆತಗಳಲ್ಲಿ ಮುಗಿಸಿದರು. ಎರಡೂ ಕಾಲು ಗಟ್ಟಿಯಿದ್ದು ವರ್ಷಗಟ್ಟಲೆ ಆಡಿದ ಎಷ್ಟೋ ಹವ್ಯಾಸಿಗಳಿಗೆ ನೂರರ ಒಳಗೆ ಮುಗಿಸುವುದೇ ಕಷ್ಟ. ಮುಂದೆ ಇನ್ನೊಂದು ಮೈದಾನದಲ್ಲಿ 72ಕ್ಕೇ ಮುಗಿಸಿದರು.

ಜನ ಇದನ್ನು ಪವಾಡ ಅಂದುಕೊಂಡರೂ ಜೋನ್ಸ್‌ಗೆ ಅದು ಒಂದು ಪ್ರಶ್ನೆಯಾಯಿತು. ಮೈಭಾರ ಬಲಗಾಲಿಗೆ ಹೋಗಬೇಕು, ಆಮೇಲೆ ಎಡಗಾಲಿಗೆ ಬರಬೇಕು, ಸೊಂಟ ಇಷ್ಟು ತಿರುಗಬೇಕು, ಭುಜ ಅಷ್ಟು ತಿರುಗಬೇಕು ಅಂತ ಹೇಳಿಕೊಡುವುದು ರೂಢಿ. ಬಲಗಾಲೇ ಇಲ್ಲದವನ ಹೊಡೆತ ನೆಟ್ಟಗೆ ಹೋಗುತ್ತಿದೆ ಅಂದರೆ, ಹೊಡೆತದ ಗುಟ್ಟು ಬೇರೆಲ್ಲೋ ಇರಬೇಕು. ಯೋಚಿಸುತ್ತಾ ಹೋದ ಹಾಗೆ ಅವರಿಗೆ ಉತ್ತರ ಸಿಕ್ಕಿತು. ಚೆಂಡನ್ನು ಮುಟ್ಟುವುದು ಸೊಂಟ ಅಲ್ಲ, ಭುಜ ಅಲ್ಲ, ಕೋಲಿನ ತುದಿಯ ತಲೆ. ಆ ತಲೆಯ ಭಾರ ಬೆರಳಿಗೆ ತಿಳಿಯುತ್ತಿರಬೇಕು. ಕೈ ಅದನ್ನು ಸರಿಯಾಗಿ ಬೀಸಿದರೆ, ಮೈಯ ಉಳಿದ ಭಾಗ ತಾನೇ ಹೊಂದಿಕೊಂಡು ಹಿಂದೆ ಬರುತ್ತದೆ.

ಇದನ್ನು ತೋರಿಸಲು ಅವರು ಬಳಸಿದ್ದು ಒಂದು ಕರವಸ್ತ್ರ, ಒಂದು ಜೇಬಿನ ಚಾಕು. ಮಡಚಿದ ಚಾಕುವನ್ನು ಕರವಸ್ತ್ರದ ತುದಿಗೆ ಕಟ್ಟಿ ಆಚೆ ಈಚೆ ಬೀಸುತ್ತಿದ್ದರು. ಸಮನಾಗಿ ಬೀಸಿದರೆ ಬಟ್ಟೆ ಬಿಗಿಯಾಗಿ, ಚಾಕು ಚೆಂದದ ಕಮಾನಿನಲ್ಲಿ ಓಡಾಡುತ್ತದೆ. ಅವಸರ ಮಾಡಿ ಎಳೆದರೆ, ತಳ್ಳಿದರೆ, ಬಟ್ಟೆ ಸಡಿಲವಾಗಿ ಚಾಕು ಎತ್ತೆತ್ತಲೋ ಜಿಗಿಯುತ್ತದೆ. ಬಟ್ಟೆಯ ಮೂಲಕ ಚಾಕುವನ್ನು ಬೀಸಬಹುದೇ ಹೊರತು ತಳ್ಳುವುದಕ್ಕಂತೂ ಆಗೋದಿಲ್ಲ. ನಮ್ಮೂರ ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ ಇದು ತಟ್ಟನೆ ಹೊಳೆಯುತ್ತೆ. ಕವಣೆಗೆ ತೋಳಿನ ಜೋರು ಹಾಕಿದರೆ ಕಲ್ಲು ಕಾಲ ಬುಡದಲ್ಲೇ ಬೀಳುತ್ತದೆ. ಕಲ್ಲಿನ ಭಾರ ಹಗ್ಗದಲ್ಲಿ ಹರಿದು ಬೆರಳಿಗೆ ಬಂದರೆ ಅದು ದೂರ ಹೋಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ಗಾಲ್ಫ್ ಚೆಂಡಿನ ತೂಕ ಹೆಚ್ಚೆಂದರೆ 46 ಗ್ರಾಂ. ಕೋಲಿಗೂ ಚೆಂಡಿಗೂ ತಾಗಿಕೊಂಡಿರುವ ಸಮಯ ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗ. ಅಷ್ಟರಲ್ಲಿ ಮೊಣಕೈ ಎಲ್ಲಿ, ಮಂಡಿ ಎಲ್ಲಿ ಅಂತ ಯೋಚಿಸಿ ತಿದ್ದಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ. ಹತ್ತು ಸೂಚನೆ ತಲೆಯಲ್ಲಿ ತುಂಬಿಕೊಂಡವನ ಮೈ ಮರಗಟ್ಟುತ್ತದೆ ಅಷ್ಟೇ. ಸೈಕಲ್ ಕಲಿಯುವಾಗ ಪೆಡಲು ನೋಡುತ್ತಾ ಕೂತರೆ ಬೀಳುತ್ತೇವಲ್ಲ, ಹಾಗೆ.

1920ರ ದಶಕದಲ್ಲಿ ಜೋನ್ಸ್ ಅಮೆರಿಕಕ್ಕೆ ವಲಸೆ ಹೋದರು. ಅವರನ್ನು ಕರೆಸಿಕೊಂಡವರು 1921ರ ಅಮೆರಿಕನ್ ಮಹಿಳಾ ಅಮೆಚೂರ್ ಚಾಂಪಿಯನ್ ಮೇರಿಯನ್ ಹಾಲಿನ್ಸ್. ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ಹಾಲಿನ್ಸ್ ಮಹಿಳೆಯರಿಗಾಗಿಯೇ ಒಂದು ಗಾಲ್ಫ್ ಕ್ಲಬ್ ಕಟ್ಟಿದ್ದರು. ಕೃತಕ ಕಾಲಿನ ಈ ಇಂಗ್ಲಿಷ್ ಮೇಷ್ಟ್ರು ಅಲ್ಲಿ ಪಾಠ ಶುರು ಮಾಡಿದರು. ಆಮೇಲೆ ನ್ಯೂಯಾರ್ಕ್ ನಗರದ ಫಿಫ್ತ್ ಅವೆನ್ಯೂನಲ್ಲಿ, ಕಟ್ಟಡದ ಒಳಗೇ ಕಲಿಸತೊಡಗಿದರು. ಅಲ್ಲಿ ಹುಲ್ಲೂ ಇಲ್ಲ, ಆಕಾಶವೂ ಇಲ್ಲ. ಚೆಂಡು ಎಲ್ಲಿ ಹೋಯಿತು ಅಂತ ನೋಡುವ ಹಾಗೇ ಇಲ್ಲ. ಗಮನವೆಲ್ಲಾ ಬೀಸಿನ ಮೇಲೆ ಇಡಬೇಕಾದವರಿಗೆ ಅದೇ ಒಳ್ಳೆಯದಾಯಿತೋ ಏನೋ.

ಅವರ ಶಿಷ್ಯರಲ್ಲಿ ವರ್ಜೀನಿಯಾ ವಾನ್ ವೀ ಹೆಸರು ಮುಖ್ಯ. 1928ರ ಅಮೆರಿಕನ್ ಮಹಿಳಾ ಅಮೆಚೂರ್ ಫೈನಲ್‌ನಲ್ಲಿ ಆಕೆ ಗ್ಲೆನಾ ಕಾಲೆಟ್ ಎದುರು ಹೀನಾಯವಾಗಿ ಸೋತಿದ್ದರು. 36 ಹೋಲುಗಳ ಪಂದ್ಯದಲ್ಲಿ ಇನ್ನೂ 12 ಬಾಕಿ ಇರುವಾಗಲೇ 13 ಹೋಲು ಹಿಂದೆ ಬಿದ್ದು ಆಟ ಮುಗಿದಿತ್ತು. 1930ರಲ್ಲೂ ಅದೇ ಎದುರಾಳಿ, ಮತ್ತೆ ಸೋಲು. 1932ರ ಫೈನಲ್‌ನಲ್ಲಿ ಇಬ್ಬರೂ ಪುನಃ ಎದುರಾದರು. ಈ ಸಲ 8 ಹೋಲು ಬಾಕಿ ಇರುವಾಗಲೇ ವಾನ್ ವೀ 10 ಹೋಲು ಮುಂದಿದ್ದರು. 1933, 1934ರಲ್ಲೂ ಪ್ರಶಸ್ತಿ ಆಕೆಯದೇ.

ಜೋನ್ಸ್ ಹೇಳಿದ್ದು ತೀರಾ ಸರಳ ಅನ್ನುವ ಟೀಕೆ ಕೊನೆಯವರೆಗೂ ಇತ್ತು. ಸರಳ ಅಂದರೆ ಸುಲಭ ಅಂತ ಅರ್ಥವಲ್ಲ. ಜೋರಾಗಿ ಹೊಡೀಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತೆ, ಅದನ್ನು ತಡೆದು ಬೀಸಿಗೆ ಬಿಟ್ಟುಕೊಡೋದೇ ಕಷ್ಟ. ತಮ್ಮ ವಿಧಾನವನ್ನು ಅವರು 1937ರ ಸ್ವಿಂಗಿಂಗ್ ಇನ್‌ಟು ಗಾಲ್ಫ್, 1952ರ ಸ್ವಿಂಗ್ ದ ಕ್ಲಬ್‌ಹೆಡ್ ಎಂಬ ಪುಸ್ತಕಗಳಲ್ಲಿ ಇಳಿಸಿದರು. 1965ರಲ್ಲಿ ತೀರಿಕೊಂಡರು.

ರೇಂಜ್‌ಗೆ ಹೋಗುವ ಗೆಳೆಯರು ಇದನ್ನು ಮಾಡಿ ನೋಡಬಹುದು. ಮೊದಲು ಚೆಂಡೇ ಬೇಡ. ಕೋಲನ್ನು ಬೆರಳುಗಳಲ್ಲಿ ಹಗುರವಾಗಿ ಹಿಡಿದು, ಮಂಡಿಯಿಂದ ಮಂಡಿಯವರೆಗೆ ಲೋಲಕದಂತೆ ಹಿಂದೆ ಮುಂದೆ ಬೀಸಿ. ಕಣ್ಣು ಮುಚ್ಚಿದರೂ ಕೋಲಿನ ತಲೆ ಎಲ್ಲಿದೆ ಅಂತ ಕೈಗೆ ಗೊತ್ತಾಗಬೇಕು. ಆಮೇಲೆ ಎರಡೂ ಪಾದ ಜೋಡಿಸಿ ನಿಂತು ಸಣ್ಣ ಹೊಡೆತ ಹೊಡೆಯಿರಿ. ಬಲ ಜಾಸ್ತಿ ಹಾಕಿದರೆ ತಕ್ಷಣ ತೋಲು ತಪ್ಪುತ್ತೀರಿ, ಬೇರೆ ಯಾರೂ ತಪ್ಪು ತೋರಿಸಬೇಕಿಲ್ಲ. ಬೀಸು ಸಮವಾದ ಮೇಲೆ ಸೊಂಟದವರೆಗೆ, ನಂತರ ಭುಜದವರೆಗೆ ಬೆಳೆಸಿ. ಕೈಗೆ ಭಾರ ತಿಳಿಯದೆ ಹೋದಾಗ ಮತ್ತೆ ಸಣ್ಣ ಬೀಸಿಗೆ ಇಳಿಯಿರಿ.

ಗಾರೆ ಸವರುವವನ ಕರಣೆ, ವೆಲ್ಡಿಂಗ್ ಮಾಡುವವನ ಕೈ, ದೋಸೆ ಹುಯ್ಯುವವನ ಸೌಟು, ಇವೆಲ್ಲಾ ಕಲಿತದ್ದು ಹೀಗೇ ಅಲ್ಲವೇ? ಮಾತಿನಲ್ಲಿ ಹೇಳಿಕೊಟ್ಟದ್ದು ಸ್ವಲ್ಪ, ಕೈ ತಾನೇ ಕಂಡುಕೊಂಡದ್ದು ಬಹಳ. ಕಾಲು ಹೋದ ಮೇಲೆ ಜೋನ್ಸ್‌ಗೆ ಅನ್ನ ಕೊಟ್ಟದ್ದು ಕೈಯಲ್ಲಿ ಉಳಿದಿದ್ದ ಆ ವಿದ್ಯೆಯೇ.