ಹಕ್ಕಿಗೆ ಹೆಸರಿತ್ತ ಬುಕಾನನ್

ವಿದ್ಯಾರ್ಥಿಗಳೇ, ಚಳಿಗಾಲದಲ್ಲಿ ಮಹಾರಾಷ್ಟ್ರದ ಕಲ್ಲುಗುಡ್ಡಗಳಿಗೆ ಗುಬ್ಬಚ್ಚಿಯನ್ನು ಹೋಲುವ ಹಕ್ಕಿಯೊಂದು ಮಧ್ಯ ಏಷ್ಯದಿಂದ ಬರುತ್ತದೆ. ಬೂದುಬಣ್ಣದ ತಲೆ, ಕಣ್ಣಿನ ಸುತ್ತ ಬಿಳಿಯ ಬಳೆ. ಇದು ಬಂಟಿಂಗ್ ಜಾತಿಯದು. ಶಾಸ್ತ್ರೀಯ ನಾಮ ‘ಎಂಬೆರಿಜಾ ಬುಕಾನನಿ’. ಈ ಹೆಸರಿನ ಹಿಂದಿರುವವನು ಕನ್ನಡನಾಡನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್.

1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ ಬುಕಾನನ್ನನು ವೈದ್ಯಶಾಸ್ತ್ರವನ್ನು ಕಲಿತು ಈಸ್ಟ್ ಇಂಡಿಯಾ ಕಂಪನಿಯ ಸೇವೆಯನ್ನು ಸೇರಿದನು. 1799ರಲ್ಲಿ ಟೀಪೂ ಸುಲ್ತಾನನು ಮಡಿದ ಮರುವರ್ಷ, ಗೆದ್ದ ನಾಡಿನ ಸ್ಥಿತಿಗತಿಯನ್ನು ಅರಿಯಲು ಕಂಪನಿಯು ಇವನನ್ನು ಕಳುಹಿಸಿತು. ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿ, ರೈತರ ಬೆಳೆ, ನೇಕಾರರ ಮಗ್ಗ, ಕಬ್ಬಿಣದ ಕುಲುಮೆಗಳನ್ನು ಕಣ್ಣಾರೆ ಕಂಡು ಬರೆದನು. ಆ ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಅನಂತರ ಏಳು ವರ್ಷ ಬಂಗಾಳ ಪ್ರಾಂತ್ಯದ ಸಮೀಕ್ಷೆ ನಡೆಸಿ, ಪಶುಪಕ್ಷಿಗಳ ಚಿತ್ರಗಳನ್ನು ಬರೆಯಿಸಿದನು. 1815ರಲ್ಲಿ ಸ್ವದೇಶಕ್ಕೆ ಹೊರಟಾಗ ಸರಕಾರವು ಅವುಗಳನ್ನು ಕೊಂಡೊಯ್ಯಲು ಬಿಡದೆ ಇಲ್ಲಿಯೇ ಇರಿಸಿಕೊಂಡಿತು. ವರ್ಷಗಳ ಶ್ರಮವು ಕೈತಪ್ಪಿತು. 1829ರಲ್ಲಿ ಅವನು ನಿಧನನಾದನು.

ಮುಂದೆ ಕಲ್ಕತ್ತೆಯ ಎಡ್ವರ್ಡ್ ಬ್ಲೈತ್ ಎಂಬ ಪಕ್ಷಿಶಾಸ್ತ್ರಜ್ಞನು ಈ ಹಕ್ಕಿಗೆ ಬುಕಾನನ್ನನ ಹೆಸರಿಟ್ಟನು. ಅವನು ಸೇವೆ ಸಲ್ಲಿಸಿದ ಕಂಪನಿಯ ಆಳ್ವಿಕೆ ಅಳಿಯಿತು. ಶ್ರದ್ಧೆಯಿಂದ ನೋಡಿ ಬರೆದುದು ಉಳಿಯಿತು. ನೀವೂ ನೋಡುವುದನ್ನು ಕಲಿಯಿರಿ, ನೋಡಿದ್ದನ್ನು ಬರೆದಿಡಿರಿ.