ಬಿ ಡ್ರೈವ್‌ನಲ್ಲಿ ಈಗ ಯಾವ ಡಿಸ್ಕ್ ಇದೆ? ಗ್ಯಾರಿ ಕಿಲ್ಡಾಲ್ ಕಥೆ

ಪೆನ್‌ಡ್ರೈವ್ ಹಾಕಿದ ಕೂಡಲೇ ವಿಂಡೋಸ್ ಅದಕ್ಕೆ ಇ ಅಥವಾ ಎಫ್ ಎಂಬ ಅಕ್ಷರ ಕೊಡುತ್ತದೆ. ಹಾಗಾದರೆ ಎ ಮತ್ತು ಬಿ ಎಲ್ಲಿ ಹೋದವು? ಅವು ಫ್ಲಾಪಿ ಡಿಸ್ಕ್‌ಗಳಿಗೆ ಮೀಸಲಾಗಿದ್ದವು. ಈ ಪದ್ಧತಿ ಮೈಕ್ರೋಸಾಫ್ಟಿನ ಕೊಡುಗೆ ಎಂದು ಹಲವರು ನಂಬಿದ್ದಾರೆ. ಆದರೆ ಐಬಿಎಂನ ದೊಡ್ಡ ಯಂತ್ರಗಳಲ್ಲಿದ್ದ ಈ ಕಲ್ಪನೆಯನ್ನು ಪುಟ್ಟ ಕಂಪ್ಯೂಟರುಗಳಿಗೆ ತಂದವರು ಗ್ಯಾರಿ ಕಿಲ್ಡಾಲ್.

1942ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಹುಟ್ಟಿದ ಕಿಲ್ಡಾಲ್, ಕ್ಯಾಲಿಫೋರ್ನಿಯಾದ ನೌಕಾಪಡೆಯ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ಶುಗಾರ್ಟ್ ಕಂಪನಿಯಿಂದ ಸಿಕ್ಕಿದ ಬಳಸಿದ ಫ್ಲಾಪಿ ಡ್ರೈವ್ ಇಟ್ಟುಕೊಂಡು 1974ರಲ್ಲಿ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದರು. ಪತ್ನಿ ಡೊರೊಥಿ ಜೊತೆ ಕಂಪನಿ ಕಟ್ಟಿದರು.

ಎಂಟು ಅಂಗುಲದ ಆ ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದು ಸುಮಾರು 250 ಕಿಲೋಬೈಟ್ ಮಾತ್ರ. ಹಾಗಾಗಿ ಡಿಸ್ಕ್ ಬದಲಿಸುವುದೇ ಕೆಲಸ. ತೊಂದರೆ ಇರುವುದು ಇಲ್ಲೇ. ಡಿಸ್ಕಿನ ಯಾವ ಜಾಗ ಖಾಲಿ ಎಂಬ ನಕ್ಷೆಯನ್ನು ಸಿಪಿ/ಎಂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ನಾವು ಸದ್ದಿಲ್ಲದೆ ಬೇರೆ ಡಿಸ್ಕ್ ಹಾಕಿ ಫೈಲ್ ಉಳಿಸಿದರೆ, ಹಳೆಯ ನಕ್ಷೆ ನೋಡಿ ಹೊಸ ಡಿಸ್ಕಿನ ಫೈಲುಗಳ ಮೇಲೆಯೇ ಬರೆದುಬಿಡುವ ಅಪಾಯವಿತ್ತು.

2.2 ಆವೃತ್ತಿಯಲ್ಲಿ ಇದಕ್ಕೊಂದು ಕಾವಲಿತ್ತು. ಡಿಸ್ಕಿನ ಫೈಲುಪಟ್ಟಿಯ ಲೆಕ್ಕ ಕೂಡಿ ಇಟ್ಟುಕೊಂಡು, ಮತ್ತೆ ಓದುವಾಗ ತಾಳೆ ನೋಡುವುದು. ಲೆಕ್ಕ ತಪ್ಪಿದರೆ ಆ ಡಿಸ್ಕ್ ಓದಲಿಕ್ಕಷ್ಟೇ, ಬರೆಯುವಂತಿಲ್ಲ. ಕಂಟ್ರೋಲ್-ಸಿ ಒತ್ತಿದ ಮೇಲೆಯೇ ಬಿಡುಗಡೆ. ಬಳಕೆದಾರರಿಗೆ ಕಿರಿಕಿರಿ, ನಿಜ. ಆದರೂ ಫೈಲು ಹಾಳಾಗುವುದಕ್ಕಿಂತ ಕಿರಿಕಿರಿ ವಾಸಿ ಎಂದೇ ನಮಗನಿಸುತ್ತದೆ.

ಹುಡುಕಾಟ ಮಾತ್ರ ದಡ್ಡದಾಗಿಯೇ ಇತ್ತು. ಹೇಳಿದ ಡ್ರೈವ್‌ನಲ್ಲಿ ಫೈಲ್ ಇಲ್ಲದಿದ್ದರೆ ಇಲ್ಲ, ಅಷ್ಟೇ. 1983ರ ಸಿಪಿ/ಎಂ ಪ್ಲಸ್ ಇದನ್ನು ಸುಧಾರಿಸಿತು: ಪ್ರೋಗ್ರಾಮಿಗಾಗಿ ನಾಲ್ಕು ಡ್ರೈವ್‌ಗಳವರೆಗೆ ಯಾವ ಕ್ರಮದಲ್ಲಿ ಹುಡುಕಬೇಕೆಂದು ಮೊದಲೇ ಹೇಳಿಡಬಹುದಿತ್ತು. ಪಟ್ಟಿಯನ್ನು ತಲೆಯಿಂದ ಬುಡದವರೆಗೆ ಓದುವ ಬದಲು ಹ್ಯಾಶ್ ಕೋಷ್ಟಕ ನೋಡುವ ಸೌಲಭ್ಯವೂ ಬಂತು. ಅಷ್ಟರಲ್ಲಿ ಮಾರುಕಟ್ಟೆ ಕೈತಪ್ಪಿತ್ತು.

1980ರಲ್ಲಿ ಐಬಿಎಂ ಬಂದಾಗ ಕಿಲ್ಡಾಲ್ ಮೋಜಿಗೆ ವಿಮಾನ ಹಾರಿಸುತ್ತಿದ್ದರು ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ವಿಮಾನ ಹಾರಿಸಿದ್ದು ಹೌದು, ಆದರೆ ಹೋದದ್ದು ವ್ಯವಹಾರದ ಭೇಟಿಗೆ.

ಮುಂದೆ ಅವರು ಸಿಡಿ ಕಡೆ ಹೊರಳಿದರು. 1985ರಲ್ಲಿ ಅವರ ಹೊಸ ಕಂಪನಿ ಗ್ರೋಲಿಯರ್ ವಿಶ್ವಕೋಶವನ್ನು ಒಂದೇ ಸಿಡಿಗೆ ಇಳಿಸಿತು. ಪದಗಳ ಸೂಚಿಯೂ ಅದೇ ಡಿಸ್ಕಿನಲ್ಲಿ. ಹುಡುಕಲು ಬೇಕಾದದ್ದು ಡಿಸ್ಕ್ ಜೊತೆಗೇ ಬರುತ್ತಿದ್ದರಿಂದ ಯಾವ ಕಂಪ್ಯೂಟರಿಗೆ ಹಾಕಿದರೂ ಹಳೆಯ ನಕ್ಷೆಯ ಗೊಂದಲವಿರಲಿಲ್ಲ. ಕಿಲ್ಡಾಲ್ 1994ರ ಜುಲೈನಲ್ಲಿ, ತಲೆಗೆ ಬಿದ್ದ ಪೆಟ್ಟಿನ ನಂತರ, 52ನೇ ವಯಸ್ಸಿನಲ್ಲಿ ತೀರಿಕೊಂಡರು.